ಪೆಟ್ಟು ತಿಂದವರ ಸಹಿ

ಬರೆಯುವವರಿಗೆ ಓದುಗರು ಸಿಗುವುದು ಕಷ್ಟ ಎನ್ನುತ್ತಾರೆ. ನಮ್ಮ ಭಾವನಿಗೆ ಆ ಕಷ್ಟ ಬರಲಿಲ್ಲ. ಪುಸ್ತಕ ಬರೆಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅವರು ತಮ್ಮ ಓದುಗರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಹೊಡೆದು, ಸಿದ್ಧ ಮಾಡಿ ಇಟ್ಟಿದ್ದರು!

ನೀವು ನಗುತ್ತೀರಿ. ನಗಿ, ನಿಮಗೇನು? ಆ ಓದುಗರ ಮನೆಬಾಗಿಲಿಗೆ ಭಾವನನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ನಾನು. ಕುವೈತಿನಲ್ಲಿ ಶುಕ್ರವಾರ ರಜೆ. ಊರಿನವರೆಲ್ಲ ಆ ಮಧ್ಯಾಹ್ನ ಮೀನುಸಾರು ಉಂಡು ಎ.ಸಿ. ಹಾಕಿಕೊಂಡು ಮಲಗಿರುವಾಗ, ಮಾವಿನ ಮರಕ್ಕೂ ಕಲ್ಲೆಸೆದು ಗೊತ್ತಿಲ್ಲದ ನಾನು, ಒಂದು ಟ್ರೇಡಿಂಗ್ ಕಂಪನಿಯಲ್ಲಿ ಟೈಪ್ ಮಾಡಿಕೊಂಡಿದ್ದ ಪಾಪದ ಪ್ರಾಣಿ, ಅಪರಿಚಿತರ ಬಾಗಿಲು ತಟ್ಟಿ, “ನಮಸ್ಕಾರ, ಇವರು ನಿಮಗೆ ಒಂದು ಸಲ ಹೊಡೆದಿದ್ದರಂತೆ, ಅದರ ಬಗ್ಗೆ ಸ್ವಲ್ಪ ಮಾತಾಡ್ಲಿಕ್ಕಿತ್ತು” ಎನ್ನಬೇಕಾಗಿತ್ತು. ಒಳಗಿನವರು ಬಾಗಿಲು ಹಾಕಿಕೊಳ್ಳದೆ ಇನ್ನೇನು ಮಾಡುತ್ತಾರೆ?

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಮ್ಮ ಕಡೆಯ ಪದ್ಧತಿಯಂತೆ ಅವರಿಗೆ ನಾನೂ ಭಾವನೇ. ಮದುವೆಯ ಮಾತುಕತೆಗೆ ಹೋದಾಗ ನನ್ನ ಅಪ್ಪ, “ದೊಡ್ಡ ಮಗ ಕಾಣುವುದಿಲ್ಲವಲ್ಲ?” ಎಂದು ಕೇಳಿದ್ದರು. ನನ್ನ ಅತ್ತೆಯಾಗಲಿದ್ದವರು ಕಾಫಿ ಲೋಟ ಮುಂದಿಡುತ್ತ, “ಅವನು ಸರ್ಕಾರದ ಕಡೆ ಇದ್ದಾನೆ. ರಜೆ ಸಿಗುವುದು ಕಷ್ಟ” ಎಂದರು. ಅಪ್ಪನಿಗೆ ಖುಷಿಯೋ ಖುಷಿ. ಹೆಣ್ಣಿನ ಅಣ್ಣ ಸರ್ಕಾರಿ ನೌಕರ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದರು. ಮದುವೆಯೂ ಆಯಿತು. ತಿಂಗಳಾದ ಮೇಲೆ ಒಂದು ದಿನ ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿಯನ್ನು, “ನಿನ್ನ ಅಣ್ಣ ಯಾವ ಇಲಾಖೆ?” ಎಂದು ಕೇಳಿದೆ.

“ಜೈಲು” ಎಂದಳು, ತಲೆಯೆತ್ತದೆ.

“ಓ, ಜೈಲರಾ?”

“ಅಲ್ಲ. ಒಳಗೆ.”

ನನ್ನ ಎದೆ ಧಸಕ್ಕೆಂದಿತು. ಈ ಭಾವನ ವಿಷಯದಲ್ಲಿ ನನ್ನ ಎದೆಗೆ ಅದು ಮೊದಲನೆಯ ಸಲ. ಆಮೇಲೆ ಅದಕ್ಕೆ ಅಭ್ಯಾಸವೇ ಆಗಿಹೋಯಿತು.

ಒಳಗೆ ಹೋದದ್ದು ಯಾಕೆ ಎಂದರೆ ಫುಟ್‌ಬಾಲ್. ಹಾಗೆಂದ ಕೂಡಲೇ ನನಗೆ ಸ್ವಲ್ಪ ಸಮಾಧಾನವಾಯಿತು. ಆಟಗಾರನಿರಬೇಕು, ಆಟದ ಬಿಸಿಯಲ್ಲಿ ಏನೋ ಆಗಿರಬೇಕು ಅಂದುಕೊಂಡೆ. ಆದರೆ ಭಾವ ಜೀವಮಾನದಲ್ಲಿ ಒಂದು ಸಲವೂ ಚೆಂಡು ಒದ್ದವರಲ್ಲ. ಅವರು ಬೆಂಬಲಿಗರು. ಕಡಲ ಕರೆಯಲ್ಲಿ, ದಂಡೆಯ ಮೇಲೇ ಇದ್ದ ಅವರ ಊರಿನ ತಂಡಕ್ಕೆ ಹತ್ತಿಪ್ಪತ್ತು ಮಂದಿಯ ಒಂದು ಗ್ಯಾಂಗು ಇತ್ತು, ಅದಕ್ಕೆ ಭಾವ ಮುಖಂಡರು. ಎದುರು ತಂಡದ ಗೋಲಿನ ಹಿಂದೆ ನಿಂತು ಗೋಲ್‌ಕೀಪರನ ಏಳು ತಲೆಮಾರನ್ನು ಜಾಲಾಡುವುದು ಮೊದಲ ಕೆಲಸ. ನಿಜವಾದ ಕೆಲಸ ಮ್ಯಾಚು ಮುಗಿದ ಮೇಲೆ. ತಮ್ಮ ತಂಡ ಗೆದ್ದರೆ ಸಂತೋಷದಲ್ಲಿ ಸೋತವರಿಗೆ ಹೊಡೆಯುತ್ತಿದ್ದರು. ಸೋತರೆ ದುಃಖದಲ್ಲಿ ಗೆದ್ದವರಿಗೆ ಹೊಡೆಯುತ್ತಿದ್ದರು. ಸಮಸಮ ಆದರೆ? ರೆಫರಿ ಇದ್ದಾನಲ್ಲ! ಒಬ್ಬ ರೆಫರಿಯನ್ನಂತೂ ಹಗ್ಗ ಕಟ್ಟಿ ಬಾವಿಗೇ ಇಳಿಸಿದ್ದರಂತೆ.

“ನಮ್ಮ ಗ್ಯಾಂಗಲ್ಲಿ ಎಲ್ಲ ಜಾತಿಯವರೂ ಇದ್ರು ಭಾವ. ಹಿಂದೂ, ಬ್ಯಾರಿ, ಕ್ರಿಶ್ಚನ್ ಎಲ್ಲ. ಹೊಡೆಯುವುದರಲ್ಲಿ ನಾವು ಭೇದಭಾವ ಮಾಡಿದವರಲ್ಲ” ಎಂದು ಮುಂದೊಂದು ದಿನ ಅವರೇ ನನಗೆ ಹೇಳಿದರು. ಇಂಥ ರಾಷ್ಟ್ರೀಯ ಭಾವೈಕ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಲವಂತೂ ಫೈನಲ್ ಸೋತ ಸಿಟ್ಟಿಗೆ ಗೆದ್ದವರ ಬೆಳ್ಳಿಯ ಕಪ್ಪನ್ನೇ ಎಗರಿಸಿಕೊಂಡು ಬಂದು ಹಟ್ಟಿಯಲ್ಲಿ ಬೈಹುಲ್ಲಿನ ಅಡಿ ಅಡಗಿಸಿಟ್ಟರಂತೆ. ಅತ್ತೆಗೆ ಫುಟ್‌ಬಾಲೂ ಗೊತ್ತಿಲ್ಲ, ಕಪ್ಪೂ ಗೊತ್ತಿಲ್ಲ. ಎರಡು ಕಿವಿಯ ಒಳ್ಳೆಯ ಪಾತ್ರೆ ಸಿಕ್ಕಿತೆಂದು ಎಮ್ಮೆಗೆ ಅಕ್ಕಿ ತೊಳೆದ ನೀರು ಕೊಡಲು ಇಟ್ಟುಕೊಂಡರು. ಪೊಲೀಸರು ಹುಡುಕಿಕೊಂಡು ಬಂದಾಗ ಎಮ್ಮೆ ಜಿಲ್ಲಾ ಮಟ್ಟದ ಕಪ್ಪಿನಲ್ಲಿ ಮೂತಿಯಿಟ್ಟು ನಿಂತಿತ್ತು. ಆಗ ಭಾವನಿಗೆ ಮೂರು ತಿಂಗಳು. ದೊಡ್ಡ ಜೈಲಾದದ್ದು ಬೇರೆ ವಿಷಯಕ್ಕೆ. ಅದಕ್ಕೆ ಮುಂದೆ ಬರುತ್ತೇನೆ.

ಕೊಲ್ಲಿ ಯುದ್ಧ ಮುಗಿದು ಕುವೈತಿಗೆ ಮತ್ತೆ ಜನ ಬೇಕಾಗಿದ್ದ ಕಾಲಕ್ಕೆ ನಾನು ಹೆಂಡತಿಯೊಂದಿಗೆ ಇಲ್ಲಿಗೆ ಬಂದು ರಿಗ್ಗೈಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ಒಂದು ದಿನ ಹೆಂಡತಿ, “ಅಣ್ಣನೂ ಬರ್ತಾನಂತೆ” ಎಂದಳು. ಜೈಲು ಕಂಡ ಮನುಷ್ಯನಿಗೆ ಪಾಸ್‌ಪೋರ್ಟು ಹೇಗೆ ಸಿಕ್ಕಿತು ಎಂದು ಕೇಳಬೇಡಿ. ಅದು ಪುಸ್ತಕದ ಹನ್ನೊಂದನೆಯ ಅಧ್ಯಾಯ, ಅದೊಂದನ್ನು ಮಾತ್ರ ಅಚ್ಚು ಹಾಕಿಸಬೇಡಿ ಎಂದು ನಾನು ಕೈಮುಗಿದು ಬೇಡಿಕೊಂಡಿದ್ದೇನೆ.

ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಮೊದಲೇ ಹೋಗಿ ನಿಂತೆ. ಗಿರಿಜಾ ಮೀಸೆ, ಕೆಂಪು ಕಣ್ಣು, ಹಣೆಯ ಮೇಲೊಂದು ಗಾಯ ಎಲ್ಲವನ್ನೂ ಕಲ್ಪಿಸಿಕೊಂಡು ಕಾಯುತ್ತಿದ್ದೆ. ಕನ್ನಡಕ ಹಾಕಿಕೊಂಡ ಒಬ್ಬ ಬಡಕಲು ಮನುಷ್ಯ ಹಲಸಿನ ಹಪ್ಪಳದ ಕಟ್ಟನ್ನು ಎದೆಗೆ ಅವಚಿಕೊಂಡು ಬಂದು, “ಭಾವ, ಇದು ಪುಡಿಯಾಗದ ಹಾಗೆ ತರುವುದೇ ದೊಡ್ಡ ಕೆಲಸ ಆಯ್ತು” ಎಂದರು. ಇವರಾ? ಇವರು ರೆಫರಿಯನ್ನು ಬಾವಿಗಿಳಿಸಿದವರಾ? ನನಗೆ ನಂಬುವುದಕ್ಕೇ ಆಗಲಿಲ್ಲ.

ಅವರಿಗೆ ಸಿಕ್ಕಿದ ಕೆಲಸ ಕೇಳಿ ಮತ್ತೊಮ್ಮೆ ನನ್ನ ಎದೆ ಧಸಕ್ಕೆಂದಿತು. ಸ್ಕೂಲ್ ಬಸ್ಸಿನ ಡ್ರೈವರ್! ಅದೂ ನನ್ನ ಮಗಳು ಹೋಗುವ ಶಾಲೆಯದು. ಐವತ್ತು ಮಕ್ಕಳನ್ನು ಈ ಮನುಷ್ಯನ ಕೈಗೆ ಕೊಡುವುದೇ? ವಾರದಲ್ಲಿ ಆ ಬಸ್ಸು ಕುವೈತಿನಲ್ಲೇ ಶಿಸ್ತಿನ ಬಸ್ಸಾಯಿತು. ಕಿಟಕಿಯಿಂದ ಬಿಸ್ಕತ್ತಿನ ಕಾಗದ ಎಸೆಯುವ ಯೋಚನೆ ಒಂದು ಹುಡುಗನಿಗೆ ಬಂದರೆ ಸಾಕು, ಭಾವ ಕನ್ನಡಿಯಲ್ಲಿ ನೋಡಿ, “ಬೇಡ ಮಗಾ” ಎನ್ನುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, “ಎಸೆಯುವವನ ಭುಜ ಕೈಗಿಂತ ಮೊದಲು ಮೇಲೆ ಬರ್ತದೆ” ಎಂದರು. ಎಂಥ ಅನುಭವ ನೋಡಿ! ಮಗಳಂತೂ, “ಮಾಮ ಈಸ್ ಸೋ ಸ್ವೀಟ್, ಪಪ್ಪ” ಎಂದು ದಿನಾ ಹಾಡುತ್ತಿದ್ದಳು. ನಾನು ಅನ್ನ ಕಲಸುತ್ತಿದ್ದೆ.

ಹೀಗೆ ಹತ್ತು ಹನ್ನೆರಡು ವರ್ಷ ಕಳೆದವು. ಭಾವ ಯಾರ ತಂಟೆಗೂ ಹೋಗಲಿಲ್ಲ. ನನ್ನ ಭಯವೆಲ್ಲ ಇಳಿದು, ಅವರು ಜೈಲಿನಲ್ಲಿದ್ದರು ಎಂಬುದೇ ಮರೆತುಹೋಗುವ ಹೊತ್ತಿಗೆ ಒಂದು ಸಂಜೆ ಬಂದು ನನ್ನ ಮುಂದೆ ಆರು ನೋಟುಪುಸ್ತಕ ಇಟ್ಟರು. “ನಾನು ನನ್ನ ಕತೆ ಬರೆದಿದ್ದೇನೆ. ನೀವು ಟೈಪ್ ಮಾಡಿ ಕೊಡ್ಬೇಕು.”

ಮೊದಲನೆಯ ಪುಸ್ತಕದ ಮೇಲೆ ‘ಮೂರನೆಯ ತರಗತಿ, ಬಿ ವಿಭಾಗ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ವರ್ಷದ ಕೊನೆಯಲ್ಲಿ ಮಕ್ಕಳು ಬಸ್ಸಿನಲ್ಲಿ ಬಿಟ್ಟುಹೋಗುವ ಅರ್ಧ ಖಾಲಿ ಪುಸ್ತಕಗಳಲ್ಲೇ ಭಾವನ ಸಾಹಿತ್ಯ ಸೃಷ್ಟಿ. ತೆರೆದೆ. ಎಡಗಡೆಯ ಪುಟದಲ್ಲಿ ಯಾವುದೋ ಮಗು ತನ್ನ ಬೆಕ್ಕಿನ ಬಗ್ಗೆ ಹತ್ತು ವಾಕ್ಯ ಬರೆದಿತ್ತು, ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ‘ವೆರಿ ಗುಡ್’ ಎಂದಿದ್ದರು. ಬಲಗಡೆಯ ಪುಟದಲ್ಲಿ ಭಾವನ ಮೊದಲ ವಾಕ್ಯ: ‘ನಾನು ಮೊತ್ತಮೊದಲು ಒಬ್ಬನ ಹಲ್ಲು ಉದುರಿಸಿದ್ದು ಒಂದು ಸೆಮಿಫೈನಲಿನಲ್ಲಿ.’

ಅವರು ಬರೆಯುತ್ತಿದ್ದ ಕ್ರಮ ಕೇಳಿ. ಬೆಳಿಗ್ಗೆ ಮಕ್ಕಳನ್ನು ಇಳಿಸಿ, ಖಾಲಿ ಬಸ್ಸನ್ನು ಶಾಲೆಯ ಗೋಡೆಯ ನೆರಳಿಗೆ ನಿಲ್ಲಿಸಿ, ಕೊರಳಿನ ಸೀಟಿ ಊದುವುದು. ನಲವತ್ತೈದು ನಿಮಿಷ ಬರವಣಿಗೆ. ಮತ್ತೆ ಸೀಟಿ. ಹದಿನೈದು ನಿಮಿಷ ವಿಶ್ರಾಂತಿ, ಹಾಲಿಲ್ಲದ ಒಂದು ಸುಲೈಮಾನಿ ಚಹಾ. ಆಮೇಲೆ ಬಸ್ಸಿನ ಈ ತುದಿಯ ಸೀಟಿನಿಂದ ಎದ್ದು ಆ ತುದಿಯ ಸೀಟಿಗೆ ಹೋಗಿ ಉಳಿದ ನಲವತ್ತೈದು ನಿಮಿಷ. ಜಾಗ ಯಾಕೆ ಬದಲಾಯಿಸುವುದು ಎಂದೆ. “ಸೆಕೆಂಡ್ ಹಾಫಲ್ಲಿ ಸೈಡ್ ಬದಲಾಯಿಸ್ಬೇಕಲ್ಲ ಭಾವ” ಎಂದು ನನ್ನನ್ನೇ ದಡ್ಡನಂತೆ ನೋಡಿದರು.

ಬರೆದದ್ದು ಹೇಗಿತ್ತು? ನಿಜ ಹೇಳುತ್ತೇನೆ, ನನಗೆ ಅನ್ನ ಸೇರಲಿಲ್ಲ. ಏಳನೆಯ ಕ್ಲಾಸು ಓದಿದ ಮನುಷ್ಯ. ಜೈಲಿನಲ್ಲಿ ಅಕ್ಷರ ಬಾರದ ಕೈದಿಗಳಿಗೆ ಕಾಗದ ಬರೆದುಕೊಟ್ಟು ಕೈ ಪಳಗಿತ್ತಂತೆ. ಹೊಡೆತದ ವರ್ಣನೆಯಲ್ಲಿ ಬಡಾಯಿ ಇರಲಿಲ್ಲ, ಅಳುಕೂ ಇರಲಿಲ್ಲ. ಯಾರಿಗೆ, ಎಲ್ಲಿ, ಯಾವುದರಿಂದ, ಅವರು ಆಗ ಏನು ಹೇಳಿ ಅತ್ತರು, ಎಲ್ಲವೂ ಇತ್ತು. ಹೆಂಡತಿ ಎರಡು ಪುಟ ಓದಿ ಅಡುಗೆಮನೆಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಟೈಪ್ ಮುಗಿಯಿತು. ಊರಿನಲ್ಲಿ ಒಬ್ಬ ಪ್ರೆಸ್ಸಿನವರು ಅಚ್ಚು ಹಾಕಲು ಒಪ್ಪಿಯೂ ಆಯಿತು. ಆಗ ಭಾವ ತೆಗೆದರು ಹೊಸ ರಾಗ. “ಹೀಗೆ ಅಚ್ಚು ಹಾಕ್ಲಿಕ್ಕೆ ಆಗುದಿಲ್ಲ. ಇದರಲ್ಲಿ ಹದಿನಾಲ್ಕು ಮಂದಿಗೆ ನಾನು ಹೊಡೆದದ್ದುಂಟು. ಪ್ರತಿಯೊಬ್ಬರಿಗೂ ಅವರವರ ಪುಟ ಓದಿ ಹೇಳಿ, ಹೌದು ಅಂತ ಸಹಿ ತಕೊಳ್ಬೇಕು.”

ಇದು ಈ ದೇಶದ ನೀರಿನ ಗುಣ. ಇಲ್ಲಿ ಸೀಲು ಬೀಳದ ಕಾಗದ ಕಾಗದವೇ ಅಲ್ಲ. ಇಕಾಮಾ ಎಂಬ ವಾಸದ ಪರವಾನಗಿಗೆ ಸೀಲು, ಬಾಡಿಗೆ ಚೀಟಿಗೆ ಸೀಲು, ಸೀಲು ಸರಿಯಿದೆ ಎನ್ನುವುದಕ್ಕೆ ಇನ್ನೊಂದು ಸೀಲು. ಹನ್ನೆರಡು ವರ್ಷ ಇಂಥ ಸಾಲುಗಳಲ್ಲಿ ನಿಂತ ಮನುಷ್ಯನ ತಲೆ ಹೀಗಾಗದೆ ಹೇಗಾಗುತ್ತದೆ?

“ಯಾರು ಕೇಳ್ತಾರೆ ಭಾವ? ಸುಮ್ಮನೆ ಅಚ್ಚು ಹಾಕಿಸಿ” ಎಂದೆ.

“ಹೊಡೆದವನಿಗೆ ಅರ್ಧ ನೆನಪಿರುದು. ಪೂರ್ತಿ ನೆನಪಿರುದು ತಿಂದವನಿಗೆ. ಅವನು ಒಪ್ಪದ್ದು ಸುಳ್ಳು. ಸುಳ್ಳು ಪುಸ್ತಕ ನಾನು ಯಾಕೆ ಬರೆಯುದು?”

ಊರಿನಲ್ಲಿದ್ದವರಿಗೆ ಅಂಚೆಯಲ್ಲಿ ಹೋಯಿತು. ಇಬ್ಬರು ತೀರಿಕೊಂಡಿದ್ದರು, ಅವರ ಹೆಂಡತಿಯರು ಸಹಿ ಹಾಕಿ ಕಳಿಸಿದರು. ಉಳಿದವರಲ್ಲಿ ಐದು ಮಂದಿ ಕುವೈತಿನಲ್ಲೇ ಇದ್ದರು. ಆಶ್ಚರ್ಯವೇನಿಲ್ಲ, ನಮ್ಮ ಕಡಲ ಕರೆಯಲ್ಲಿ ಪೆಟ್ಟು ಕೊಟ್ಟವರೂ ತಿಂದವರೂ ಕೊನೆಗೆ ಬಂದು ಸೇರುವುದು ಗಲ್ಫಿಗೇ. ಹೀಗೆ ಶುರುವಾಯಿತು ನನ್ನ ಶುಕ್ರವಾರದ ಸಾರಥ್ಯ.

ಮೊದಲು ಹವಲ್ಲಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಒಬ್ಬ ಬ್ಯಾರಿ ಹಾಜಿಯವರು. ಅವರೇ ಆ ಸೆಮಿಫೈನಲಿನ ಹಲ್ಲಿನವರು. ಭಾವ ಯಾರೆಂದು ಗೊತ್ತಾದ ಕೂಡಲೇ ಅವರು ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು ಎದ್ದು ನಿಂತರು. ನಾನು ಬಾಗಿಲಿನ ಹತ್ತಿರ ಸರಿದೆ. ಭಾವ ಮಾತ್ರ ಸ್ಟೂಲೆಳೆದು ಕುಳಿತು, ಕನ್ನಡಕ ಏರಿಸಿ, ತಮ್ಮ ನಾಲ್ಕು ಪುಟವನ್ನು ಪಾಠ ಒಪ್ಪಿಸುವ ಹುಡುಗನ ಹಾಗೆ ಓದಿದರು. ಮುಗಿದಾಗ ಹಾಜಿಯವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

“ಎರಡು ಹಲ್ಲು ಅಂತ ಬರೆದಿದ್ದೀರಿ” ಎಂದರು.

“ಹೌದು ಹಾಜಿಯವರೇ.”

“ಮೂರು.” ಬಾಯಿ ತೆರೆದು, ಹಲ್ಲಿನ ಸೆಟ್ಟು ಕಳಚಿ ತೋರಿಸಿಯೇಬಿಟ್ಟರು. ಭಾವ ಬಗ್ಗಿ ಎಣಿಸಿ, ‘ಎರಡು’ ಹೊಡೆದುಹಾಕಿ ‘ಮೂರು’ ಬರೆದರು. ಹಾಜಿಯವರು ಸಹಿ ಹಾಕಿದರು, ಮೇಲೆ ಅಂಗಡಿಯ ಸೀಲನ್ನೂ ಒತ್ತಿದರು. ಹೊರಡುವಾಗ ನನ್ನ ಫೋನಿನ ಚಾರ್ಜರು ಹಳತಾಗಿದೆಯೆಂದು ಹೊಸತೊಂದು ಕೊಟ್ಟು ಕಳಿಸಿದರು.

ಸುದ್ದಿ ಹಬ್ಬಿತು. ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಪೆಟ್ಟು ತಿನ್ನದವರೂ ಬರತೊಡಗಿದರು! ಪುಸ್ತಕದಲ್ಲಿ ಹೆಸರು ಬರುತ್ತದಲ್ಲ? ಕನ್ನಡಿಗರ ಪಿಕ್‌ನಿಕ್ಕಿನಲ್ಲಿ ದೊಡ್ಡ ಕಂಟ್ರಾಕ್ಟರೊಬ್ಬರು ಬಿರಿಯಾನಿ ತಟ್ಟೆ ಹಿಡಿದುಕೊಂಡೇ ಭಾವನ ಹತ್ತಿರ ಬಂದರು. “ನನಗೂ ನೀವು ಹೊಡೆದಿದ್ದೀರಿ. ನೆನಪಿಲ್ಲವಾ?”

“ಇಲ್ಲ.”

“ಬೆನ್ನಿಗೆ ಮಾರಾಯ್ರೇ. ಸೈಕಲ್ ಚೈನಲ್ಲಿ.”

“ನಾನು ಸೈಕಲ್ ಚೈನ್ ಮುಟ್ಟಿದವನೇ ಅಲ್ಲ.”

“ಹಾಗಾದ್ರೆ ಕೋಲಲ್ಲಿ ಅಂತ ಬರೀರಿ. ಒಂದು ಸಾಲು ಸಾಕು.”

ಭಾವ ಖಂಡಿತ ಒಪ್ಪಲಿಲ್ಲ. ಹೊಡೆಯದವರನ್ನು ಹೊಡೆದೆ ಎಂದು ಬರೆದರೆ ಹೊಡೆತ ತಿಂದವರಿಗೆ ಮರ್ಯಾದೆ ಏನು ಉಳಿಯಿತು ಎಂದು ಅವರ ವಾದ. ಆ ಕಂಟ್ರಾಕ್ಟರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಒಂದು ವರ್ಷದೊಳಗೆ ಹದಿಮೂರು ಸಹಿ ಆದವು. ಹದಿನಾಲ್ಕನೆಯದು ಆಗಲಿಲ್ಲ. ಅದು ಅಬು ಹಲೀಫಾದಲ್ಲಿತ್ತು.

ಈಗ ಆ ದೊಡ್ಡ ಜೈಲಿನ ವಿಷಯ ಹೇಳಬೇಕು. ಅದೊಂದು ಫೈನಲು. ಕೊನೆಯ ನಿಮಿಷದಲ್ಲಿ ಭಾವನ ತಂಡಕ್ಕೆ ಪೆನಾಲ್ಟಿ ಸಿಕ್ಕಿತ್ತು. ಒದ್ದ ಚೆಂಡು ಗೋಲಿನ ಕಂಬಕ್ಕೆ ತಾಗಿ ಹಿಂದಕ್ಕೆ ಬಂತು, ಎದುರು ತಂಡದ ಗೋಲ್‌ಕೀಪರ್ ಅದನ್ನು ಎತ್ತಿಕೊಂಡು ಗೋಲಿನ ಹಿಂದೆ ನಿಂತಿದ್ದ ಗ್ಯಾಂಗಿನ ಕಡೆಗೆ ತಿರುಗಿ ತೋರಿಸಿದ, ಭಾವ ಕಲ್ಲು ಬೀಸಿದರು. ಪುಸ್ತಕದಲ್ಲಿ ಹೀಗೇ ಇತ್ತು. ಇಪ್ಪತ್ತೆರಡು ವರ್ಷದ ಆ ಹುಡುಗನ ಎಡಗಣ್ಣು ಹೋಯಿತು. ಮ್ಯಾಚು ಅಲ್ಲಿಗೇ ನಿಂತಿತು. ಭಾವನಿಗೆ ಎರಡು ವರ್ಷ ಸಜೆಯಾಯಿತು. ಇದನ್ನು ಟೈಪ್ ಮಾಡುವಾಗ ನಾನು ಮೂರು ಸಲ ಎದ್ದು ಹೋಗಿ ನೀರು ಕುಡಿದಿದ್ದೇನೆ.

ಆ ಗೋಲ್‌ಕೀಪರ್ ಈಗ ಅಬು ಹಲೀಫಾದಲ್ಲಿ ಒಂದು ಸಣ್ಣ ಲಾಂಡ್ರಿ ನಡೆಸುತ್ತಿದ್ದರು. ಎಣ್ಣೆ ಕಂಪನಿಗಳ ಕೆಲಸಗಾರರ ಗ್ರೀಸು ಹತ್ತಿದ ಡ್ರೆಸ್ಸುಗಳು ಗುಡ್ಡೆ ಗುಡ್ಡೆಯಾಗಿ ಬಂದು ಬೀಳುತ್ತಿದ್ದವು. ನಾವು ಮೊದಲ ಸಲ ಹೋದಾಗ ಕೌಂಟರಿನ ಹಿಂದೆ ಇಸ್ತ್ರಿ ಹಾಕುತ್ತಿದ್ದರು. ಭಾವ ಹೆಸರು ಹೇಳಿದರು. ಅವರು ತಲೆಯೆತ್ತಿ ಒಂದು ಕಣ್ಣಿನಿಂದ ಭಾವನನ್ನು ನೋಡಿ, ಇಸ್ತ್ರಿ ಪೆಟ್ಟಿಗೆಯನ್ನು ನಿಧಾನಕ್ಕೆ ನಿಲ್ಲಿಸಿಟ್ಟು, “ಬಟ್ಟೆ ಉಂಟಾ?” ಎಂದು ಕೇಳಿದರು.

“ಇಲ್ಲ. ಒಂದು ವಿಷಯ ಓದಿ ಹೇಳ್ಲಿಕ್ಕೆ.”

“ಇದು ಲಾಂಡ್ರಿ. ಬಟ್ಟೆ ಇಲ್ಲದವರು ನಿಲ್ಲುವ ಜಾಗ ಅಲ್ಲ.”

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ನಮ್ಮ ಭಾವ ಮುಂದಿನ ಶುಕ್ರವಾರ ಐದು ಅಂಗಿ ಕಟ್ಟಿಕೊಂಡು ಹೊರಟರು! ರಿಗ್ಗೈಯಲ್ಲಿ ನಮ್ಮ ಕಟ್ಟಡದ ಕೆಳಗೇ ಎರಡು ಲಾಂಡ್ರಿಗಳಿವೆ. ಅವನ್ನು ದಾಟಿ, ಇಡೀ ಹೆದ್ದಾರಿ ಸವೆಸಿ, ಸಮುದ್ರದ ಬದಿಯ ಅಬು ಹಲೀಫಾಕ್ಕೆ ಅಂಗಿ ಒಗೆಸಲು ಹೋಗುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ಲಾಂಡ್ರಿಯವರು ಒಂದೂ ಮಾತಾಡದೆ ಅಂಗಿ ಎಣಿಸಿ ಚೀಟಿ ಕೊಟ್ಟರು. ಮುಂದಿನ ವಾರ ಒಂದು ಮಡಿಕೆ ತಪ್ಪದ ಹಾಗೆ ಇಸ್ತ್ರಿ ಹಾಕಿ ಮರಳಿಸಿದರು. ಭಾವ ಇನ್ನೈದು ಕೊಟ್ಟರು.

ಅಷ್ಟೇ ಅಲ್ಲ, ಒಂದು ಅಂಗಿಯ ಕಿಸೆಯಲ್ಲಿ ಪ್ರತಿ ವಾರ ಒಂದು ಕಾಗದ ಬರೆದಿಡುತ್ತಿದ್ದರು. ಆ ಕಾಗದವೂ ಅಂಗಿಯ ಜೊತೆ ವಾಪಸ್ ಬರುತ್ತಿತ್ತು. ಒಗೆಯುವ ಮೊದಲು ತೆಗೆದಿಟ್ಟು, ನಾಲ್ಕು ಮಡಿಕೆ ಮಾಡಿ, ಅದಕ್ಕೂ ಇಸ್ತ್ರಿ ಹಾಕಿ ಅದೇ ಕಿಸೆಯಲ್ಲಿ ಇಟ್ಟಿರುತ್ತಿದ್ದರು. ಉತ್ತರ ಮಾತ್ರ ಇಲ್ಲ. ಹೀಗೆ ಎರಡು ವರ್ಷ! ಭಾವನ ಅಂಗಿಗಳ ಕಾಲರು ಸವೆದುಹೋಯಿತು. ಊರಿನ ಪ್ರೆಸ್ಸಿನವರು ಫೋನು ಮಾಡಿ ಮಾಡಿ ಸುಸ್ತಾದರು. ನನ್ನ ಹೆಂಡತಿ, “ಅಣ್ಣಾ, ಅವರಿಗೆ ಬೇಡದ್ದನ್ನು ಯಾಕೆ ಹೀಗೆ ಕೆದಕುದು? ಆ ಒಂದು ಅಧ್ಯಾಯ ಬಿಟ್ಟು ಅಚ್ಚು ಹಾಕಿಸಬಹುದಲ್ಲ?” ಎಂದಳು.

“ಅದನ್ನು ಬಿಟ್ಟರೆ ನಾನು ಬರೆದದ್ದು ಬರೀ ಪುಂಡಾಟಿಕೆಯ ಕತೆ ತಂಗಿ. ಅವರು ಕೇಳದಿದ್ರೆ ಪುಸ್ತಕ ಬೇಡ” ಎಂದರು ಭಾವ. ಬೇಡ ಎಂದವರೇ ಹಾಳೆಗಳ ಅಂಚು ಒಂದೊಂದಾಗಿ ಸರಿಮಾಡಿ ಮತ್ತೆ ಚೀಲಕ್ಕೆ ಇಟ್ಟರು. ಆ ಪುಸ್ತಕಕ್ಕಾಗಿ ಅವರು ಎಷ್ಟು ಹಂಬಲಿಸುತ್ತಿದ್ದಾರೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಅಷ್ಟರಲ್ಲಿ ಭಾವನಿಗೆ ವಯಸ್ಸಾಯಿತೆಂದು ಬಸ್ಸಿನ ಕಂಪನಿ ಇಕಾಮಾ ಮುಂದುವರಿಸಲಿಲ್ಲ. ಖಲಾಸ್. ಊರಿಗೆ ಹೋಗುವ ಟಿಕೆಟ್ಟೂ ಬಂತು. ಹೊರಡುವ ಹಿಂದಿನ ಶುಕ್ರವಾರ, ಕೊಟ್ಟಿದ್ದ ಕೊನೆಯ ಐದು ಅಂಗಿ ತರಲು ನಾವಿಬ್ಬರೂ ಅಬು ಹಲೀಫಾಕ್ಕೆ ಹೋದೆವು. ಆ ದಿನ ಭಾವನ ಕೈಯಲ್ಲಿ ಬಟ್ಟೆಯ ಕಟ್ಟಿರಲಿಲ್ಲ. ಟೈಪು ಮಾಡಿದ ಹಾಳೆಗಳು ಮಾತ್ರ ಚೀಲದಲ್ಲಿದ್ದವು. ಅದು ಯಾವಾಗಲೂ ಇರುತ್ತಿತ್ತು.

ಲಾಂಡ್ರಿಯವರು ಅಂಗಿಗಳನ್ನು ಕೌಂಟರಿನ ಮೇಲಿಟ್ಟರು. ಚೀಟಿ ಹರಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು, “ಹದಿನೆಂಟಕ್ಕೆ ಹೋಗುದಂತಲ್ಲ” ಎಂದರು.

ನಾನು ಬೆಚ್ಚಿಬಿದ್ದೆ. ಹದಿನೆಂಟನೆಯ ತಾರೀಕಿನ ವಿಷಯ ಭಾವ ಬರೆದಿದ್ದದ್ದು ಕಳೆದ ವಾರದ ಕಾಗದದಲ್ಲಿ. ಅಂದರೆ ಈ ಮನುಷ್ಯ ಎರಡು ವರ್ಷದ ಕಾಗದಗಳನ್ನೆಲ್ಲ ಓದಿದ್ದರು!

“ಹೌದು” ಎಂದರು ಭಾವ.

“ಸ್ಟೂಲ್ ಉಂಟು, ಕೂತ್ಕೊಂಡು ಓದಿ. ನನಗೆ ಕೆಲಸ ನಿಲ್ಲಿಸ್ಲಿಕ್ಕೆ ಆಗುದಿಲ್ಲ.”

ಭಾವ ಕುಳಿತರು. ಹಾಳೆ ತೆಗೆಯುವಾಗ ಎರಡು ಸಲ ಕೆಳಗೆ ಬಿತ್ತು, ನಾನೇ ಹೆಕ್ಕಿಕೊಟ್ಟೆ. ಓದತೊಡಗಿದರು. ಮೈದಾನ, ಜನ, ಗೋಲಿನ ಹಿಂದೆ ನಿಂತು ಕೂಗಿದ ಬೈಗುಳ, ಒಂದನ್ನೂ ಬಿಡದೆ ಓದಿದರು. ಲಾಂಡ್ರಿಯವರು ಒಂದು ಡ್ರೆಸ್ಸು ಮುಗಿಸಿ ಇನ್ನೊಂದು ಹಾಸಿದರು. ಭಾವ ಪೆನಾಲ್ಟಿಗೆ ಬಂದರು. “ಚೆಂಡು ಕಂಬಕ್ಕೆ ತಾಗಿ ಹಿಂದಕ್ಕೆ ಬಂತು” ಎಂದು ಓದಿದರು.

ಇಸ್ತ್ರಿ ನಿಂತಿತು.

“ಯಾವ ಕಂಬ?”

ಭಾವ ತಲೆಯೆತ್ತಿದರು.

“ಯಾವ ಕಂಬಕ್ಕೆ ತಾಗಿದ್ದು ಅಂತ ಕೇಳಿದೆ. ಎಡದ್ದಾ, ಬಲದ್ದಾ?”

ಭಾವ ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡರು. ಇನ್ನೇನು ಜಗಳವಾಗುತ್ತದೆ, ಆ ಬಿಸಿ ಇಸ್ತ್ರಿ ಪೆಟ್ಟಿಗೆ ಹಾರಿ ಬರುತ್ತದೆ ಎಂದೇ ನಾನು ಬಗೆದೆ.

“ಕಂಬಕ್ಕೆ ತಾಗಿದ್ದಲ್ಲ” ಎಂದರು ಲಾಂಡ್ರಿಯವರು. ಸ್ವರ ಏರಲಿಲ್ಲ. “ನಾನು ಹಿಡಿದದ್ದು. ಊರಲ್ಲಿ ಎಲ್ಲರೂ ಕಂಬ ಕಂಬ ಅಂತಲೇ ಹೇಳಿದ್ರು. ಆಸ್ಪತ್ರೆಗೆ ನೋಡ್ಲಿಕ್ಕೆ ಬಂದ ನಮ್ಮ ಟೀಮಿನವರೂ ಹಾಗೆಯೇ ಹೇಳಿದ್ರು. ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯ್ತು, ಸಿಕ್ಕಿದವರೆಲ್ಲ ಕಣ್ಣಿನ ಬಗ್ಗೆ ಕೇಳ್ತಾರೆ. ಆ ಬಾಲಿನ ಬಗ್ಗೆ ಒಬ್ಬನೂ ಕೇಳಿದವನಿಲ್ಲ.”

ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಭಾವನ ಕಡೆಗೆ ತಿರುಗಿದರು.

“ನೀವು ಗೋಲಿನ ಹಿಂದೆಯೇ ಇದ್ರಿ. ನಿಮ್ಮಷ್ಟು ಹತ್ತಿರ ಯಾರೂ ಇರಲಿಲ್ಲ. ನೀವು ನೋಡಿದ್ದೀರಿ.”

“ನೋಡಿದ್ದೇನೆ” ಎಂದರು ಭಾವ. “ನೀವೇ ಹಿಡಿದದ್ದು. ಕಂಬ ಅಂತ ಮೊದಲು ಹೇಳಿದವನು ನಾನು. ಹೇಳಿ ಹೇಳಿ ನನಗೇ ಹಾಗೆ ಆಗಿಹೋಗಿತ್ತು. ಅಂಥ ಹಿಡಿತ ನಾನು ಮತ್ತೆ ಎಲ್ಲಿಯೂ ನೋಡಿಲ್ಲ.” ಹಾಳೆಯನ್ನು ಮಡಿಲಿಗಿಳಿಸಿ, “ಅದಕ್ಕೇ ಕಲ್ಲು ಎತ್ತಿದ್ದು” ಎಂದರು.

ಹಲ್ಲಿನ ಲೆಕ್ಕದಲ್ಲಿ ಒಂದು ತಪ್ಪಿದರೆ ತಿದ್ದಿ ಬರೆದ ಮನುಷ್ಯ ಇಷ್ಟು ದೊಡ್ಡದನ್ನು ತನ್ನಿಂದಲೇ ಮುಚ್ಚಿಟ್ಟುಕೊಂಡಿದ್ದರು. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಆ ಹಾಳೆಗೆ ಅಡ್ಡಗೆರೆ ಎಳೆದು, ಹಿಂಬದಿಗೆ ಮಗುಚಿ, ಪೆನ್ನು ಹಿಡಿದು ಕೇಳಿದರು: “ಹೇಗೆ ಹಿಡಿದದ್ದು ಹೇಳಿ. ಸರಿಯಾಗಿ ಬರೆಯುವ.”

ಲಾಂಡ್ರಿಯವರು ಹೇಳಲು ಹೊರಟರು. ಎಡಗಾಲು ಮೊದಲು ಎತ್ತಿದ್ದು, ಬಾಲು ನೆಲದಿಂದ ಇಷ್ಟು ಮೇಲೆ ಇತ್ತು ಎಂದು ಕೈಯಲ್ಲಿ ತೋರಿಸಿದರು. ಮಾತು ಸಾಲಲಿಲ್ಲ. ತಲೆಯಾಡಿಸಿ, ಇಸ್ತ್ರಿಯ ಸ್ವಿಚ್ಚು ಆರಿಸಿ, ಕೌಂಟರಿನ ಹಲಗೆ ಎತ್ತಿ ಈಚೆಗೆ ಬಂದರು. ಎರಡು ವರ್ಷದಲ್ಲಿ ಅವರು ಕೌಂಟರು ದಾಟಿ ನಮ್ಮ ಕಡೆಗೆ ಬಂದದ್ದು ಅದೇ ಮೊದಲು. ಸಹಿಯ ವಿಷಯ ನಮಗೆ ಯಾರಿಗೂ ನೆನಪಿರಲಿಲ್ಲ. ಅದು ಆಮೇಲೆ ಚಹಾ ಕುಡಿಯುವಾಗ ಆಯಿತು.

“ನೋಡಿ” ಎಂದರು. ನಲವತ್ತೈದು ದಾಟಿದ ಆ ಮನುಷ್ಯ ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲಿಸಿ ನಿಂತರು. ಒಗೆಯಲು ಬಂದ ಡ್ರೆಸ್ಸುಗಳ ರಾಶಿ ಬಲಗಡೆ ಗೋಡೆಯ ಬದಿಗೆ ಬಿದ್ದಿತ್ತು. ಒಂದು ಕ್ಷಣ ಹಾಗೆಯೇ ನಿಂತು, ಇದ್ದಕ್ಕಿದ್ದಂತೆ ಬಲಕ್ಕೆ ಹಾರಿದರು. ಮೈ ಪೂರ್ತಿ ನೀಳವಾಯಿತು, ಕೈಯೆರಡೂ ಮುಂದೆ ಚಾಚಿ ಇಲ್ಲದ ಚೆಂಡನ್ನು ಹಿಡಿದು ಎದೆಗೆ ಒತ್ತಿಕೊಂಡು ಆ ಬಟ್ಟೆಯ ರಾಶಿಯ ಮೇಲೆ ಬಿದ್ದರು.

ಭಾವ ಪೆನ್ನು ಕೆಳಗಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳದೆ ತಟ್ಟಿದರು. ಒಂದು ಮ್ಯಾಚನ್ನೂ ನೋಡದ ನಾನೂ ತಟ್ಟಿದೆ. ಗೋಲ್‌ಕೀಪರ್ ರಾಶಿಯ ಮೇಲಿಂದ ಏಳಲಿಲ್ಲ. ಚಪ್ಪಾಳೆ ಮುಗಿಯುವವರೆಗೂ ಅಲ್ಲೇ ಮಲಗಿ ಕೇಳಿದರು.